ಮನೆಪಟ್ಟಿಯೂ ತಂಗಿಯ ಪಾಲೂ

ಹಲಗೇರಿಯಂಥ ಗ್ರಾಮಗಳಲ್ಲಿ ತಂದೆಯ ಕಾಲಾನಂತರ ಮನೆಯಲ್ಲಿ ಉಳಿದ ಅಣ್ಣನು ವರ್ಷ ವರ್ಷ ಪಂಚಾಯತಿಗೆ ಮನೆಪಟ್ಟಿ ಕಟ್ಟುತ್ತ, ಕ್ರಮೇಣ ಮನೆಯೆಲ್ಲ ತನ್ನದೇ ಎಂದು ನಂಬತೊಡಗುವನು. ಪಟ್ಟಿಯ ಪಾವತಿಯಾಗಲಿ, ಉತಾರದಲ್ಲಿಯ ಹೆಸರಾಗಲಿ ತಾನಾಗಿಯೇ ಒಡೆತನ ಕೊಡಲಾರದೆಂದು ನ್ಯಾಯಾಲಯಗಳು ಪದೇ ಪದೇ ಹೇಳಿವೆ. ತಂಗಿಯ ಪಾಲನ್ನು ಬಿಡಿಸಿಕೊಳ್ಳಬೇಕಾದರೆ ಉಪನೋಂದಣಾಧಿಕಾರಿಗಳ ಕಚೇರಿಯ ಮೆಟ್ಟಿಲು ಹತ್ತಲೇಬೇಕು. 1908ರ ನೋಂದಣಿ ಕಾಯಿದೆಯ ಮೇರೆಗೆ 100 ರೂಪಾಯಿ ಬೆಲೆಯ ಸ್ಥಿರಾಸ್ತಿಯ ಹಕ್ಕು ಬಿಡುವದಕ್ಕೂ ನೋಂದಾಯಿತ ಪತ್ರವೇ ಬೇಕು.

ಕ್ರಯಪತ್ರವಾದರೆ ಬೆಲೆಯ ಮೇಲೆ ನೂರಕ್ಕೆ 5ರಂತೆ ಮುದ್ರಾಂಕ ಶುಲ್ಕ. ಒಡಹುಟ್ಟಿದವರೊಳಗಿನ ಹಕ್ಕುಬಿಡುಗಡೆಗಾದರೋ 1957ರ ಕರ್ನಾಟಕ ಮುದ್ರಾಂಕ ಕಾಯಿದೆಯು ಗೊತ್ತುಪಡಿಸಿದ ಅಲ್ಪ ಮೊತ್ತವನ್ನಷ್ಟೇ ಕೇಳುವದು. ಈ ರಿಯಾಯತಿಯನ್ನು ನಾವು ಮೆಚ್ಚುತ್ತೇವೆ. ಆದರೆ ಅದರ ನೆರಳಿನಲ್ಲಿ ನಡೆಯುವದೇನು? ಉಡಿ ತುಂಬಿ, ಸೀರೆ-ಕುಬಸವಿತ್ತು, ‘ಇಲ್ಲೊಂದು ಸಹಿ ಮಾಡವ್ವಾ’ ಎಂದರೆ ಪಾಲು ಮುಗಿಯಿತು! ಪಿತ್ರಾರ್ಜಿತದಲ್ಲಿ ಮಗಳೂ ಮಗನಂತೆ ಜನ್ಮತಃ ಪಾಲುದಾರಳೆಂದು ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯು ಸಾರಿದ್ದೂ, 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ದೃಢಪಡಿಸಿದ್ದೂ ಯಾರ ಸಲುವಾಗಿ? ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಹಾಕಿದ ಸಹಿಯನ್ನು ಸ್ವಸಂತೋಷದ ತ್ಯಾಗವೆಂದು ಕರೆಯಲು ನಮ್ಮ ಮನಸ್ಸು ಒಪ್ಪದು. ಮನಃಪೂರ್ವಕವಾಗಿ ಬಿಟ್ಟುಕೊಡುವ ತಂಗಿಯರೂ ಉಂಟು. ಅವರ ಮಾತು ಬೇರೆ.

ಶುಲ್ಕವು ಪಾಲಿನ ಬೆಲೆಯನ್ನು ಅವಲಂಬಿಸದಿರುವಾಗ, ನಿಜವಾಗಿ ಸಂದ ಹಣವನ್ನು ಪತ್ರದಲ್ಲಿ ಬರೆಯಿಸಲು ಅಣ್ಣಂದಿರು ಹಿಂಜರಿಯುವದೇಕೆ? ಕೊಟ್ಟಿದ್ದರೆ ಬರೆಯಿಸಲಿ. ನೋಂದಣಿ ಅಧಿಕಾರಿಗಳೂ ಸಹಿಗೆ ಮುನ್ನ ಪತ್ರವನ್ನು ಆ ಹೆಣ್ಣುಮಗಳಿಗೆ ಓದಿಹೇಳಿ, ಕೈಗೆ ಎಷ್ಟು ಮುಟ್ಟಿತೆಂಬುದನ್ನು ಅಣ್ಣನನ್ನು ಹೊರಗೆ ಕೂಡ್ರಿಸಿ ಕೇಳಲಿ.