ಹಸು ಮಾರುವ ಮೊದಲು ಮಗಳ ಸೀಟಿನ ಲೆಕ್ಕ ಹಾಕಿ

ಫಲಿತಾಂಶದ ತಿಂಗಳಲ್ಲಿ ಗರ್ಭಧಾರಣೆಗೆ ಹೋದರೂ, ಕೆಚ್ಚಲು ಬಾವು ನೋಡಲು ಹೋದರೂ ಕೊನೆಗೆ ಮಾತು ಮಕ್ಕಳ ಓದಿನ ಕಡೆಗೇ ತಿರುಗುತ್ತದೆ. ‘ಡಾಕ್ಟ್ರಮ್ಮಾ, ಮಗಳಿಗೆ ಎಸ್ಸೆಸ್ಸೆಲ್ಸಿಲಿ 92 ಪರ್ಸೆಂಟ್ ಬಂದಿದೆ. ನಿಮ್ಮ ಥರ ದನದ ಡಾಕ್ಟ್ರು ಆಗೋಕೆ ಸೀಟು ಸಿಗುತ್ತಾ? ಕೋಚಿಂಗಿಗೆ ಸೇರ್ಸೋಕೆ ಒಂದು ಹಸು ಕೊಟ್ಬಿಡೋಣ ಅಂತಿದೀವಿ.’ ಈ ಪ್ರಶ್ನೆಯನ್ನು ಎಷ್ಟೋ ತಾಯಂದಿರು ಕೇಳಿದ್ದಾರೆ. ಹಾಲು ಕೊಡುವ ಹಸುವನ್ನು ಬರೀ ಒಂದು ಪರ್ಸೆಂಟೇಜ್ ನಂಬಿ ಮಾರಬೇಡಿ ಎನ್ನುವುದು ನನ್ನ ಮಾತು.

ಸಂತೆಯಲ್ಲಿ ಒಂದು ಹೊತ್ತಿನ ಹಾಲು ನೋಡಿ ನೀವು ಹಸು ಕೊಳ್ಳುವುದಿಲ್ಲ. ಹಿಂದಿನ ಹೊತ್ತು ಕರೆಯದೆ ಬಿಟ್ಟು ಕೆಚ್ಚಲು ತುಂಬಿಸಿ ತಂದಿರಬಹುದು ಎಂಬುದು ನಿಮಗೆ ಗೊತ್ತು. ಎಷ್ಟನೇ ಕರು, ಎರಡು ಹೊತ್ತು ಸೇರಿ ಎಷ್ಟು ಲೀಟರು ಎಂದು ಕೇಳುತ್ತೀರಿ. ಮಗಳ ವಿಷಯದಲ್ಲೂ ಅಷ್ಟೇ ವಿಚಾರಣೆ ಬೇಕು.

ಪಶುವೈದ್ಯಕೀಯ ಸೀಟಿಗೆ ಎಸ್ಸೆಸ್ಸೆಲ್ಸಿ ಅಂಕ ಲೆಕ್ಕಕ್ಕೆ ಬರುವುದಿಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಜೀವಶಾಸ್ತ್ರ ಇರಲೇಬೇಕು. ಆಮೇಲೆ ಸಿಇಟಿ. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪಶುವೈದ್ಯಕೀಯಕ್ಕೆ ಬೇರೆಯೇ ರ‍್ಯಾಂಕ್ ಪಟ್ಟಿ ಬರುತ್ತದೆ. ಹಾಗಾಗಿ ಹಳೆಯ ಸಿಇಟಿ ಪತ್ರಿಕೆಗಳನ್ನು ತರಿಸಿ, ಗಡಿಯಾರ ಇಟ್ಟು ಮನೆಯಲ್ಲೇ ಬರೆಸಿ. ಒಂದಲ್ಲ, ನಾಲ್ಕಾರು. ಯಾವ ವಿಷಯದಲ್ಲಿ ಪ್ರತಿ ಸಲವೂ ಎಡವುತ್ತಾಳೆ ಎನ್ನುವುದು ತಿಳಿದರೆ ಕೋಚಿಂಗ್ ಬೇಕೋ, ಒಂದೇ ವಿಷಯಕ್ಕೆ ಪಾಠ ಸಾಕೋ ಎಂಬುದೂ ತಿಳಿಯುತ್ತದೆ. ಬಸ್ಸಿನ ಮೇಲೆ ಫೋಟೋ ಹಾಕಿಸುವ ಕೋಚಿಂಗಿನವರು ಸೀಟು ಸಿಗದವರ ಫೋಟೋ ಹಾಕುವುದಿಲ್ಲ ತಾನೆ!

ರ‍್ಯಾಂಕ್ ಬಂದ ಮೇಲೆ ಪಕ್ಕದ ಮನೆಯವರನ್ನು ಕೇಳುವುದಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಹಿಂದಿನ ವರ್ಷಗಳಲ್ಲಿ ಯಾವ ಕಾಲೇಜಿನ ಸೀಟು, ಯಾವ ವರ್ಗಕ್ಕೆ, ಎಷ್ಟನೇ ರ‍್ಯಾಂಕಿಗೆ ಮುಗಿಯಿತು ಎಂಬ ಪಟ್ಟಿ ಇರುತ್ತದೆ. ಮಗಳ ವರ್ಗದ ಸಾಲನ್ನೇ ನೋಡಿ, ಎರಡು ಮೂರು ವರ್ಷದ್ದನ್ನು ಹೋಲಿಸಿ. ಕೊನೆಯ ಸುತ್ತಿನ ರ‍್ಯಾಂಕನ್ನೂ ನೋಡಿ. ಎಂಬಿಬಿಎಸ್ ಸಿಕ್ಕವರು ಬಿಟ್ಟುಹೋದಂತೆ ಮುಂದಿನ ಸುತ್ತುಗಳಲ್ಲಿ ಕೆಳಗಿನ ರ‍್ಯಾಂಕಿನವರಿಗೂ ಸೀಟು ಬರುತ್ತದೆ. ಅಣಕು ಹಂಚಿಕೆಯಲ್ಲಿ ಹೆಸರಿಲ್ಲವೆಂದು ಅತ್ತು ಕೈಬಿಟ್ಟ ಮನೆಗಳನ್ನು ನೋಡಿದ್ದೇನೆ. ಅದು ಹೆಸರಿಗೆ ತಕ್ಕಂತೆ ಅಣಕು ಅಷ್ಟೇ.

ಇನ್ನೊಂದು ವಿಷಯ ನನಗೆ ಸಿಟ್ಟು ತರಿಸುತ್ತದೆ. ಹೆಬ್ಬಾಳ, ಹಾಸನ, ಶಿವಮೊಗ್ಗ, ಗದಗ, ಬೀದರ್‌ಗಳಲ್ಲಿ ಕಾಲೇಜುಗಳಿವೆ. ಆದರೆ ಹೆಣ್ಣುಮಗಳ ಆಪ್ಷನ್ ಪಟ್ಟಿಯಲ್ಲಿ ಹತ್ತಿರದ ಒಂದೋ ಎರಡೋ ಮಾತ್ರ. ಮಗನಿಗೆ ದೂರವಾಗದ ಬೀದರ್ ಮಗಳಿಗೆ ಮಾತ್ರ ಹೇಗೆ ದೂರವಾಗುತ್ತದೆ? ನಾನು ಬೀದರಿನಲ್ಲೇ ಓದಿದವಳು. ಐದೂವರೆ ವರ್ಷದ ಅದೇ ಪದವಿ, ಅದೇ ನೋಂದಣಿ. ದೂರದ ಕಾಲೇಜನ್ನು ಪಟ್ಟಿಯಿಂದ ತೆಗೆದ ದಿನವೇ ಅವಳ ಅವಕಾಶವನ್ನು ನಾವೇ ಕಡಿಮೆ ಮಾಡಿದ ಹಾಗೆ. ಆ ಮೇಲೆ ‘ಅವಳ ಅಂಕ ಸಾಲಲಿಲ್ಲ’ ಎನ್ನುವುದು ಅನ್ಯಾಯ.

ನಿಮ್ಮ ಮಕ್ಕಳಿಗೆ ಪೇಟೆಯ ಮಕ್ಕಳಿಗಿಲ್ಲದ ಅನುಕೂಲವೂ ಉಂಟು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲೇ ಓದಿದವರಿಗೆ ಗ್ರಾಮೀಣ ಮೀಸಲಾತಿ ಶೇ. 15, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಹತ್ತು ವರ್ಷವೂ ಪೂರ್ತಿ ಆಗಿರಬೇಕು. ಎಂಟನೇ ತರಗತಿಗೆ ಪೇಟೆಯ ಶಾಲೆಗೆ ಹಾಕುವಾಗ ಈ ಗ್ರಾಮೀಣ ಸೌಲಭ್ಯ ಕೈತಪ್ಪುತ್ತದೆ ಎಂದು ತಿಳಿದೇ ಹಾಕಿ. ಕೃಷಿಕರ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆ ಇದ್ದು, ಅದರ ಅಂಕ ಸೇರಿಸಿ ಬೇರೆ ರ‍್ಯಾಂಕ್ ಕೊಡುತ್ತಾರೆ. ಮೇವಿನ ಬೆಳೆ, ದನಕರುಗಳ ಒಡನಾಟ ಇರುವವಳಿಗೆ ಅದು ಹೊಸದಲ್ಲ. ಪರೀಕ್ಷೆ ಇದೆಯೆಂದು ಅವಳನ್ನು ಕೊಟ್ಟಿಗೆಯಿಂದ ಪೂರ್ತಿ ದೂರ ಇಡಬೇಡಿ. ಸಗಣಿ ಬಾಚಿಸಿ ಸುಸ್ತು ಮಾಡಲೂ ಬೇಡಿ.

ಇವನ್ನೆಲ್ಲ ಸಿಇಟಿ ಅರ್ಜಿಯಲ್ಲೇ ಕೇಳಿರಬೇಕು. ದ್ವಿತೀಯ ಪಿಯುಸಿ ಶುರುವಾಗುವಾಗಲೇ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತಂದು ಬಿಇಒ ಮೇಲುರುಜು ಮಾಡಿಸಿ. ಜಾತಿ–ಆದಾಯ ಮತ್ತು ವ್ಯವಸಾಯಗಾರರ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ, ಹೆಸರಿನ ಅಕ್ಷರ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇದೆಯೇ ಎಂದು ನೋಡಿಕೊಳ್ಳಿ.