ಕಾವಲುಗಾರರನ್ನೇ ಹುಡುಕುವ ಎಚ್‌ಐವಿ

ಎಚ್‌ಐವಿ ತಗುಲುವ ಸಾಧ್ಯತೆ ಎಲ್ಲರಲ್ಲೂ ಒಂದೇ ಆಗಿರುವುದಿಲ್ಲ. ಅದನ್ನು ಹೆಚ್ಚಿಸುವ ಅಂಶಗಳಲ್ಲಿ ಪ್ರಮುಖವಾದುದು, ದೇಹದಲ್ಲಿ ಮೊದಲೇ ನೆಲೆಯೂರಿದ ಮತ್ತೊಂದು ಸೋಂಕು. ಲೈಂಗಿಕ ರೋಗಗಳ ಚಿಕಿತ್ಸೆಯನ್ನು ಏಡ್ಸ್ ನಿಯಂತ್ರಣದ ಭಾಗವಾಗಿ ಕಾಣಬೇಕೆಂಬ ವಾದಕ್ಕೆ ಇದೇ ಆಧಾರ. ಆದರೆ ಪ್ರಯೋಗಗಳಲ್ಲಿ ಈ ವಾದ ಪ್ರತಿ ಬಾರಿಯೂ ಗೆದ್ದಿಲ್ಲ.

ಜನನಾಂಗದಲ್ಲಿ ಹುಣ್ಣಾದರೆ ಚರ್ಮದ ತಡೆಗೋಡೆ ಒಡೆಯುತ್ತದೆ ಎಂಬುದು ಎಲ್ಲರಿಗೂ ಅರ್ಥವಾಗುವ ಮಾತು. ಅಪಾಯ ಅಷ್ಟಕ್ಕೇ ನಿಲ್ಲುವುದಿಲ್ಲ. ಹುಣ್ಣಿಗೆ ಕಾರಣವಾದ ರೋಗಾಣುವಿನ ವಿರುದ್ಧ ಹೋರಾಡಲು ಸಿಡಿ4 ಎಂಬ ಬಿಳಿ ರಕ್ತಕಣಗಳು ಅಲ್ಲಿಗೆ ಧಾವಿಸುತ್ತವೆ. ಎಚ್‌ಐವಿ ಹೊಕ್ಕು ಬೆಳೆಯುವುದು ಇವೇ ಕಣಗಳಲ್ಲಿ. ಒಬ್ಬ ಕಳ್ಳನನ್ನು ಹಿಡಿಯಲು ಜಮಾಯಿಸಿದ ಕಾವಲುಗಾರರು ಮತ್ತೊಬ್ಬನ ಬೇಟೆಯಾಗುವ ವಿಪರ್ಯಾಸವಿದು. ಜನನಾಂಗದ ಹರ್ಪಿಸ್ ಇದ್ದವರಲ್ಲಿ ಎಚ್‌ಐವಿ ತಗುಲುವ ಸಾಧ್ಯತೆ ಸುಮಾರು 3 ಪಟ್ಟು ಹೆಚ್ಚೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2006ರ ವಿಶ್ಲೇಷಣೆ ಹೇಳಿತ್ತು.

ಹಾಗಾದರೆ ಹುಣ್ಣು ವಾಸಿಮಾಡಿದರೆ ಸಾಕಲ್ಲವೇ? ತಾಂಜಾನಿಯಾದ ಮ್ವಾಂಜಾದಲ್ಲಿ ಆರೋಗ್ಯ ಕೇಂದ್ರಗಳ ಮೂಲಕ ಲೈಂಗಿಕ ರೋಗಗಳಿಗೆ ಉತ್ತಮ ಚಿಕಿತ್ಸೆ ಒದಗಿಸಿದಾಗ ಹೊಸ ಎಚ್‌ಐವಿ ಪ್ರಕರಣಗಳು ಸುಮಾರು ಶೇ 40ರಷ್ಟು ಇಳಿದವೆಂದು 1995ರಲ್ಲಿ ವರದಿಯಾಯಿತು. ನೆರೆಯ ಉಗಾಂಡದ ರಕಾಯ್‌ನಲ್ಲಿ ಇಡೀ ಸಮುದಾಯಕ್ಕೆ ನಿಗದಿತ ಅವಧಿಗೊಮ್ಮೆ ಔಷಧಿ ಹಂಚಿದರೂ ಅಂಥ ಇಳಿಕೆ ಕಾಣಲಿಲ್ಲವೆಂಬ ಫಲಿತಾಂಶ 1999ರಲ್ಲಿ ಹೊರಬಿತ್ತು. ಮ್ವಾಂಜಾದಲ್ಲಿ ಎಚ್‌ಐವಿ ಇನ್ನೂ ಹರಡತೊಡಗಿತ್ತು. ರಕಾಯ್‌ನಲ್ಲಿ ಅದಾಗಲೇ ಬೇರೂರಿತ್ತು. ಜತೆಗೆ, ಮ್ವಾಂಜಾದಲ್ಲಿ ರೋಗ ಲಕ್ಷಣ ಕಾಣಿಸಿಕೊಂಡಾಗಲೆಲ್ಲ ಚಿಕಿತ್ಸೆ ದೊರೆಯುತ್ತಿತ್ತು.

ಹರ್ಪಿಸ್ ಹತ್ತಿಕ್ಕುವ ಅಸೈಕ್ಲೊವಿರ್ ಮಾತ್ರೆಯನ್ನು ನಿತ್ಯ ನೀಡಿದರೂ ಎಚ್‌ಐವಿ ತಡೆಯಲಾಗದೆಂದು 2008ರ ಪ್ರಯೋಗವೊಂದು ತೋರಿಸಿತು. ಕಾರಣದ ಸುಳಿವು ಮರುವರ್ಷ ಸಿಯಾಟಲ್‌ನ ವಿಜ್ಞಾನಿಗಳಿಗೆ ಸಿಕ್ಕಿತು. ಮಾತ್ರೆ ಸೇವಿಸುತ್ತಿದ್ದರೂ, ಹುಣ್ಣು ಮಾಯ್ದ ಮೇಲೂ ಸಿಡಿ4 ಕಣಗಳು ಅಲ್ಲಿ ವಾರಗಟ್ಟಲೆ ಠಿಕಾಣಿ ಹೂಡಿದ್ದವು.

2007ರಲ್ಲಿ ಸ್ಥಗಿತಗೊಂಡ ‘ಸ್ಟೆಪ್’ ಲಸಿಕೆ ಪ್ರಯೋಗದ ಪಾಠ ಇನ್ನೂ ಕಹಿ. ನೆಗಡಿ ತರುವ ಜಾತಿಯ ಅಡೆನೊವೈರಸ್ ಆ ಲಸಿಕೆಯ ವಾಹಕವಾಗಿತ್ತು. ಆ ವೈರಾಣುವಿನ ವಿರುದ್ಧ ಮೊದಲೇ ಪ್ರತಿಕಾಯ ಹೊಂದಿದ್ದ, ಸುನ್ನತಿಯಾಗದ ಪುರುಷರಲ್ಲಿ ಲಸಿಕೆ ಪಡೆದವರಿಗೇ ಎಚ್‌ಐವಿ ಹೆಚ್ಚಾಗಿ ತಗುಲಿತ್ತು. ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸಿದ ಮಾತ್ರಕ್ಕೆ ರಕ್ಷಣೆ ದೊರೆಯದು.

ಕರ್ನಾಟಕಕ್ಕೂ ಈ ಚರ್ಚೆ ದೂರದ್ದಲ್ಲ. 2003ರಲ್ಲಿ ಆರಂಭವಾದ ‘ಆವಾಹನ್’ ಯೋಜನೆ ರಾಜ್ಯದ ಲೈಂಗಿಕ ವೃತ್ತಿನಿರತ ಮಹಿಳೆಯರಿಗೆ ಕಾಂಡೋಮ್ ಜತೆ ಲೈಂಗಿಕ ರೋಗಗಳ ಚಿಕಿತ್ಸೆಯನ್ನೂ ಒದಗಿಸಿತು. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳ ಉದ್ದೇಶವೂ ಉಚಿತ ಚಿಕಿತ್ಸೆಯೇ. ಆದರೆ ‘ಗುಪ್ತರೋಗ’ ಎಂಬ ಹೆಸರಿನಲ್ಲೇ ನಾಚಿಕೆ ಅಡಗಿದೆ. ಔಷಧಿ ಅಂಗಡಿಯ ಮುಲಾಮು ಹಚ್ಚಿ ಸುಮ್ಮನಾಗುವವರು ಎಚ್‌ಐವಿ ಪರೀಕ್ಷೆಯ ಅವಕಾಶವನ್ನೂ ಕಳೆದುಕೊಳ್ಳುತ್ತಾರೆ. ಹುಣ್ಣು ಮಾಯ್ದರೂ ಅಪಾಯ ಮಾಯವಾಗದು. ಚಿಕಿತ್ಸೆ, ಕಾಂಡೋಮ್ ಮತ್ತು ಪರೀಕ್ಷೆ ಜತೆಜತೆಯಾಗಿ ಸಾಗಿದರೆ ಮಾತ್ರ ಆಫ್ರಿಕಾದ ಪಾಠ ಕಲಿತಂತಾಗುತ್ತದೆ.