ಕೆಲಸದ ಜೊತೆಗೆ ಎಂ.ಬಿ.ಎ.



ಅಮೃತೂರಿನಂತಹ ಊರುಗಳಲ್ಲೂ ಪದವಿ ಮುಗಿಸಿ ಶಾಲೆಯಲ್ಲೋ ಅಂಗಡಿಯ ಲೆಕ್ಕಪತ್ರದಲ್ಲೋ ದುಡಿಯುವ ನಮ್ಮ ಹೆಣ್ಣುಮಕ್ಕಳು ಈಗ ಅಪರೂಪವಲ್ಲ. ಮುಂದೆ ಓದುವ ಆಸೆ ಅವರಿಗಿದೆ. ಆದರೆ ಕೆಲಸ ಬಿಟ್ಟರೆ ಮನೆ ನಡೆಯದು, ದಿನವೂ ತುಮಕೂರಿಗೆ ಹೋಗಿಬರಲಾಗದು. ಮದುವೆಯಾದ ಮೇಲೆ ಇನ್ನೇನು ಓದು ಎಂಬ ಮಾತು ಬೇರೆ.

ವ್ಯಾಪಾರದ ಜ್ಞಾನ ನಮಗೆ ಹೊಸತಲ್ಲ. ಹಝ್ರತ್ ಖದೀಜಾ(ರ) ಮಕ್ಕಾದ ವರ್ತಕಿಯಾಗಿದ್ದರು. ಸಿರಿಯಾಕ್ಕೆ ಸರಕು ಒಯ್ಯಲು ಪ್ರಾಮಾಣಿಕರನ್ನು ಹುಡುಕಿ ಮುಹಮ್ಮದ್(ಸ)ರಿಗೆ ಹೊಣೆ ವಹಿಸಿದವರು ಅವರೇ. ಬಂಡವಾಳ ಹೂಡುವುದು, ಯೋಗ್ಯರನ್ನು ಆರಿಸುವುದು, ಲೆಕ್ಕ ನೋಡುವುದು, ಎಂ.ಬಿ.ಎ.ಯಲ್ಲಿ ಕಲಿಸುವುದೂ ಇದನ್ನೇ.

1985ರಲ್ಲಿ ಸ್ಥಾಪನೆಯಾದ ಇಗ್ನೋ ಮತ್ತು 1996ರಲ್ಲಿ ಮೈಸೂರಿನಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ, ಇವೆರಡೂ ದೂರಶಿಕ್ಷಣದ ಮೂಲಕ ಎಂ.ಬಿ.ಎ. ಕಲಿಸುತ್ತವೆ. ಇಗ್ನೋದಲ್ಲಿ ಎರಡು ವರ್ಷದ ಕೋರ್ಸನ್ನು ನಾಲ್ಕು ವರ್ಷದೊಳಗೆ ಮುಗಿಸಬಹುದು. ಜೂನ್ ಮತ್ತು ಡಿಸೆಂಬರ್ ಅವಧಿಗಳಲ್ಲಿ ಪರೀಕ್ಷೆ. ಹೆರಿಗೆಯೋ ಹಿರಿಯರ ಕಾಯಿಲೆಯೋ ಬಂದರೆ ಕೆಲವು ವಿಷಯಗಳನ್ನು ಮುಂದಿನ ಸರದಿಗೆ ಇಟ್ಟುಕೊಳ್ಳಬಹುದು.

ಒಂದು ಎಚ್ಚರಿಕೆ. ಶುಲ್ಕ ಕಟ್ಟುವ ಮೊದಲು ಆ ವರ್ಷ, ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯೇ ಎಂದು ನೋಡಿರಿ. 2012-13ರ ನಂತರ ರಾಜ್ಯ ಮುಕ್ತ ವಿ.ವಿ.ಗೆ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿದಾಗ ಎಷ್ಟೋ ವಿದ್ಯಾರ್ಥಿಗಳು ಕಂಗಾಲಾದರು. ಮಾನ್ಯತೆ ಮರಳಿದ್ದು 2018ರಲ್ಲಿ. ಮಾನ್ಯತೆ ಪಡೆದ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮಾನವೆಂದು 2022ರಲ್ಲಿ ಯುಜಿಸಿ ಸ್ಪಷ್ಟಪಡಿಸಿದೆ.

ಪಠ್ಯದಲ್ಲಿ ಬಡ್ಡಿಯ ಪಾಠವಿದೆಯಲ್ಲ ಎಂದು ಕೆಲವರು ಅಳುಕುತ್ತಾರೆ. ಬಡ್ಡಿ ಹರಾಮ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಡ್ಡಿ ತಿನ್ನುವುದು ಬೇರೆ, ಅದರ ಲೆಕ್ಕ ಅರಿಯುವುದು ಬೇರೆ. ಸಾಲದ ಪತ್ರ ಓದಿ ತಿಳಿಯಬಲ್ಲ ಹೆಣ್ಣು ತನ್ನ ಮನೆಯವರನ್ನು ಆ ಬಲೆಯಿಂದ ತಪ್ಪಿಸಬಲ್ಲಳು.

ಇನ್ನುಳಿದದ್ದು ಸಮಯ. ವಿಶ್ವವಿದ್ಯಾನಿಲಯ ಕೊಡುವ ಸಡಿಲಿಕೆ ಕಾಗದದ ಮೇಲಿನದು. ನಿಜವಾದ ಸಡಿಲಿಕೆ ಮನೆಯಲ್ಲಿ ಸಿಗಬೇಕು. ಫಜ್ರ್ ನಮಾಝಿನ ನಂತರ ಒಂದು ಗಂಟೆ ಅವಳು ಪುಸ್ತಕ ಹಿಡಿದರೆ ಚಹಾಕ್ಕೆ ನೀರಿಡುವವರು ಯಾರು? ಪ್ರವಾದಿವರ್ಯರು(ಸ) ಮನೆಗೆಲಸದಲ್ಲಿ ಪತ್ನಿಯರಿಗೆ ನೆರವಾಗುತ್ತಿದ್ದರು. ಈ ಸುನ್ನತ್ತನ್ನು ಪಾಲಿಸಲು ಮನೆಯ ಗಂಡಸರಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೇ? ಅತ್ತೆ, ನಾದಿನಿಯರೂ ಕೈಜೋಡಿಸಲಿ. ಅರ್ಜಿ ತುಂಬುವ ಮೊದಲೇ ಆ ಒಂದು ಗಂಟೆಯ ಬಗ್ಗೆ ಮನೆಯಲ್ಲಿ ಕುಳಿತು ಮಾತಾಡಿಕೊಳ್ಳಿರಿ.

ಅಲ್ಲಾಹನು ನಿಮ್ಮ ಪ್ರಯತ್ನದಲ್ಲಿ ಬರಕತ್ ನೀಡಲಿ. ಆಮೀನ್.